ಬತ್ತೆ ಎಂಬಲ್ಲಿ ಎರಡು ಅಕ್ಷರ

ನಮ್ಮ ಹಾಡಿನಲ್ಲಿ ಎರಡು ಅಕ್ಷರ ಕಾಣೆಯಾಗಿವೆ ಎಂಬುದನ್ನು ಪ್ರೇಮಾನಂದ ಸರ್ ಪತ್ತೆ ಮಾಡಿದ್ದು ನವೆಂಬರಿನ ಮೊದಲ ಶುಕ್ರವಾರ, ಮಧ್ಯಾಹ್ನ ಮೂರೂವರೆಯ ಹೊತ್ತಿಗೆ. ಅಕ್ಷರವೆಂದರೆ ಕಾಗದದ ಮೇಲಿನ ಅಕ್ಷರವಲ್ಲ, ತಾಳದ ಎಣಿಕೆ. ಅವರು ಕುಂದಾಪುರದಲ್ಲಿ ಮೂವತ್ತು ವರ್ಷ ಗಣಿತ ಪಾಠ ಹೇಳಿ ನಿವೃತ್ತರಾದವರು, ಈಗ ಅಲ್ಲಿನ ಸಂಗೀತ ಸಭೆಯ ಕಾರ್ಯದರ್ಶಿ. ಐದು ಇರಬೇಕಾದಲ್ಲಿ ಮೂರು ಇದ್ದರೆ ಅವರಿಗೆ ಚಪ್ಪಲಿಯೊಳಗೆ ಮರಳು ಹೊಕ್ಕಂತಾಗುತ್ತದೆ.

"ಹ್ವಾಯ್, ಒಂಚೂರ್ ನಿಲ್ಸಿ," ಎಂದರು. ಹನ್ನೆರಡು ಹೆಂಗಸರ ಬಾಯಿ ಒಟ್ಟಿಗೆ ನಿಂತಿತು. "ಇಲ್ಲಿ ಎರಡ್ ಅಕ್ಷರ ಎಲ್ಲಿಗ್ ಹೋಯ್ತ್?"

ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತಿದ್ದ ನನ್ನ ಅಮ್ಮಮ್ಮ, ಬಾಗಿ ಎಂದು ಅವಳ ಹೆಸರು, ತೊಡೆಯ ಮೇಲಿಟ್ಟ ತಾಳದ ಕೈಯನ್ನು ತೆಗೆಯದೆಯೇ ಹೇಳಿದಳು. "ಎಲ್ಲಿಗೂ ಹೋಯ್ಲಿಲ್ಲ ಸರ್. ಅಲ್ಲೇ ಕೂಕಂಡ್ ಕಾಯ್ತಾ ಇತ್ತ್."

ಹಿಂದಿನ ಸಾಲಿನಲ್ಲಿ ಯಾರೋ ಸೆರಗಿನೊಳಗೆ ನಕ್ಕರು. ಸರ್ ನಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕೈಯಲ್ಲಿದ್ದ ಹಳೇ ನೋಟುಪುಸ್ತಕವನ್ನು ಬಿಡಿಸಿದರು. ಅದು ಗೋವರ್ಧನ ಮಾಸ್ಟ್ರದ್ದು.

ಮರವಂತೆಯಲ್ಲಿ ನಮ್ಮ ಗೋಷ್ಠಿಗಾನ ಮಂಡಳಿ ಹುಟ್ಟಿದ್ದೇ ಆ ಮಾಸ್ಟ್ರಿಂದ. ಐವತ್ತೆಂಟು ವರ್ಷದ ಹಿಂದೆ ಶಾಲೆಗೆ ಬಂದವರು, ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಮುಗಿದ ಮೇಲೆ ಮೀನು ಮಾರಿ ಬರುವ ಹೆಂಗಸರನ್ನು ಕೂರಿಸಿಕೊಂಡು ಸರಳೆ ಜಂಟಿ ಶುರುಮಾಡಿದರಂತೆ. ಬುಟ್ಟಿಗಳನ್ನು ಹೊರಗೆ ಮಗುಚಿಟ್ಟು ಒಳಗೆ ಹಾಡುತ್ತಿದ್ದರಿಂದ ಊರವರು "ಬುಟ್ಟಿ ಸಂಗೀತ" ಎಂದು ಹೆಸರಿಟ್ಟರು. ಹೆಸರು ಇವತ್ತಿಗೂ ಇದೆ. ಮೊದಲು ಹಾಡುತ್ತಿದ್ದ ಚಾವಡಿ ಈಗ ಇಲ್ಲ, ಅದಿದ್ದ ಜಾಗದಲ್ಲಿ ಕಡಲಿಗೆ ಹಾಕಿದ ಕಲ್ಲುಗಳಿವೆ. ಎರಡನೆಯದೂ ಹೋಯಿತು. ಈಗಿನದು ಮೂರನೆಯದು, ಬಲೆ ಹೆಣೆಯುವ ಶೆಡ್ಡು. ಒಂದು ಬದಿಯಲ್ಲಿ ಹೆದ್ದಾರಿಯ ಲಾರಿ, ಇನ್ನೊಂದು ಬದಿಯಲ್ಲಿ ಅಲೆ. ಈ ಎರಡರ ನಡುವೆ ತಂಬೂರಿಯ ಷಡ್ಜವನ್ನು ಹಿಡಿದುಕೊಂಡು ಬೆಳೆದ ಗಂಟಲುಗಳು ನಮ್ಮವು. ಎಲ್ಲಿ ಹಾಡಲು ಹೋದರೂ ಮೈಕಿನವನು ಓಡಿ ಬಂದು ಏನನ್ನೋ ಕಡಿಮೆ ಮಾಡುತ್ತಾನೆ. ಆಗೆಲ್ಲ ನನಗೆ ಎದೆಯೊಳಗೆ ಹೆಮ್ಮೆಯ ಸಣ್ಣದೊಂದು ಪಟಾಕಿ ಹೊಡೆದಂತೆ.

ಮಾಸ್ಟ್ರು ಏಳು ಹಾಡು ಕಟ್ಟಿದ್ದರು. ಅವರು ತೀರಿಹೋಗಿ ಮೂವತ್ತು ವರ್ಷವಾದ ಮೇಲೆ ಸಭೆಯವರಿಗೆ ಆ ನೋಟುಪುಸ್ತಕ ಸಿಕ್ಕಿತು. ಏಳೂ ಹಾಡುಗಳನ್ನು ಸ್ವರ ಹಾಕಿ ಪುಸ್ತಕ ಮಾಡುವುದು, ಡಿಸೆಂಬರಿನಲ್ಲಿ ಕುಂದಾಪುರದಲ್ಲಿ ಒಂದು ಸಂಜೆ ಅವನ್ನೆಲ್ಲ ಹಾಡಿಸಿ ಧ್ವನಿಮುದ್ರಣ ಮಾಡಿಡುವುದು ಎಂದು ತೀರ್ಮಾನವಾಯಿತು. ಮಾಸ್ಟ್ರ ಬಾಯಿಂದಲೇ ಕಲಿತ ಮಂಡಳಿ ಬದುಕಿದೆ ಎಂದು ಗೊತ್ತಾದಾಗ ಪ್ರೇಮಾನಂದ ಸರ್ ಬಸ್ಸು ಹಿಡಿದು ತಾವೇ ಬಂದರು. ಆರು ಹಾಡು ಕೇಳಿ ತಲೆದೂಗಿದರು. ಏಳನೆಯದರಲ್ಲಿ ಎಡವಿದರು.

ಏಳನೆಯದು ಆನಂದಭೈರವಿ. ಮಥುರೆಗೆ ಹೊರಟ ಕೃಷ್ಣ ಯಶೋದೆಯ ಅಪ್ಪಣೆ ಕೇಳುವ ಹಾಡು. ತಕ ತಕಿಟ ಎಂದು ಐದೈದು ಎಣಿಕೆಯಲ್ಲಿ ನಡೆಯುವ ಖಂಡ ಚಾಪು. ಸರ್ ನೋಟುಪುಸ್ತಕದಿಂದ ಓದಿದರು.

"ಹೋಗುವೆನು ತಾಯಿ ನೀನಪ್ಪಣೆಯ ನೀಡಮ್ಮ."

ಓದುತ್ತಾ ಬೆರಳು ಮಡಚಿದರು. "ಹೋ ಅಂಬುದ್ ಎರಡ್, ಗು ಒಂದ್, ವೆ ಒಂದ್, ನು ಒಂದ್. ಐದ್. ಕಾಣಿ, ಎಷ್ಟ್ ಚಂದ ಕೂಕಂತ್. ನೀವ್ ಎಂತ ಹಾಡೂದ್?"

"ಬತ್ತೆ," ಎಂದಳು ಅಮ್ಮಮ್ಮ. ಬರುತ್ತೇನೆ ಎಂಬುದಕ್ಕೆ ನಮ್ಮ ಕಡೆಯ ಮಾತು ಅದು.

"ಬತ್ತೆ ಅಂದ್ರೆ ಮೂರೇ ಆಯ್ತಲೆ. ಉಳ್ದ್ ಎರಡ್ ಖಾಲಿ ಬಿಟ್ಟ್ ಸುಮ್ನೆ ಕೂಕಂತ್ರಿ. ಇದ್ ಎಲ್ಲಿದ್ ಮಾರಾಯ್ರೆ? ಮಾಸ್ಟ್ರ್ ಬರದ್ದ್ ಹೋಗುವೆನು."

ನಾನು ಆ ಎರಡು ಖಾಲಿ ಅಕ್ಷರಗಳನ್ನು ಮಗುವಾಗಿದ್ದಾಗಿನಿಂದ ಬಲ್ಲೆ. ಬತ್ತೆ ಎಂದು ಎಲ್ಲರೂ ನಿಲ್ಲಿಸಿದಾಗ ತಂಬೂರಿ ಮಾತ್ರ ಉಳಿಯುತ್ತದಲ್ಲ, ಆ ಜಾಗ ನನಗೊಂದು ಪುಟ್ಟ ಕೋಣೆಯಂತೆ ಕಾಣುತ್ತಿತ್ತು. ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ಇಣುಕಿ ನೋಡಬೇಕು. ಒಮ್ಮೊಮ್ಮೆ ಒಳಗೆ ಕಡಲು ಕಾಣುತ್ತಿತ್ತು, ಒಮ್ಮೊಮ್ಮೆ ಆ ದಿನದ ಊಟ. ಅದು ತಪ್ಪು ಎಂದು ಯಾರೂ ಹೇಳಿರಲಿಲ್ಲ.

"ಇದಕ್ಕೆ ಅಪಪಾಠ ಅಂತ್ರ್," ಎಂದರು ಸರ್, ಶಾಲೆಯಲ್ಲಿ ಹೇಳುವಂತೆ ಮೃದುವಾಗಿ. "ಬಾಯಿಂದ ಬಾಯಿಗ್ ಹೋಪತಿಗೆ ಕೆಟ್ಟ್ ಹೋದ ಪಾಠ. ನಿಮ್ಮ್ ತಪ್ಪಲ್ಲ. ತಿದ್ಕಂಡ್ರೆ ಮುಗೀತ್."

ಅವರು ತಂದಿದ್ದ ಕರಡು ಪುಟವನ್ನು ನಾನು ಬಗ್ಗಿ ನೋಡಿದೆ. ನಾನು ನಾವುಂದದ ಪಂಚಾಯತ್ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಅಚ್ಚಿನ ಸಣ್ಣಕ್ಷರ ಕಂಡರೆ ಕಣ್ಣು ತಾನಾಗಿ ಹೋಗುತ್ತದೆ. ಏಳನೆಯ ಹಾಡಿನ ಕೆಳಗೆ ಅಷ್ಟರಲ್ಲೇ ಪೆನ್ಸಿಲ್ಲಿನಲ್ಲಿ ಅಡಿಟಿಪ್ಪಣಿ ಬರೆದಿದ್ದರು. "ಮರವಂತೆಯ ಕಡೆ 'ಬತ್ತೆ' ಎಂಬ ಅಪಪಾಠ ರೂಢಿಯಲ್ಲಿದೆ. ಅದು ತಾಳಕ್ಕೂ ಹೊಂದುವುದಿಲ್ಲ."

ಅಮ್ಮಮ್ಮನಿಗೆ ಎಂಬತ್ತೊಂದು ವರ್ಷ. ಓದಲು ಬರುವುದಿಲ್ಲ. ಪುಸ್ತಕ ಬಂದ ದಿನ ಅವಳ ಪಕ್ಕದಲ್ಲಿ ಕುಳಿತು ಅದನ್ನು ಓದಿ ಹೇಳಬೇಕಾದವಳು ನಾನು. ಆ ಸಾಲನ್ನು ಓದುವುದೋ, ಹಾರಿಸಿ ಮುಂದಿನ ಪುಟಕ್ಕೆ ಹೋಗುವುದೋ? ಬತ್ತೆ ಎಂಬ ಮಾತನ್ನು ಆ ಹಾಡಿನೊಳಗೆ ತಂದು ಕೂರಿಸಿದವಳು ಅವಳೇ.

ಬತ್ತೆ ಎಲ್ಲಿಯದು ಎಂದು ಸರ್ ಕೇಳಿದ್ದಕ್ಕೆ ಅವಳು ಅದರ ಕತೆ ಹೇಳಿದಳು. ನಾನು ನೂರು ಸಲ ಕೇಳಿದ್ದೇನೆ, ಆದರೂ ಪ್ರತಿಸಲವೂ ಅವಳ ಮೊಣಕಾಲಿನ ಹತ್ತಿರ ಸರಿದು ಕೂರುತ್ತೇನೆ.

"ಕಡಲರಾಯನಿಗೆ ಒಂದೇ ಕಿವಿ ಅಂಬ್ರ್," ಎಂದು ಶುರುಮಾಡಿದಳು. "ದೇವ್ರ್ ಎಲ್ಲರಿಗೂ ಕಿವಿ ಹಂಚುವತಿಗೆ ಅವ ಇಳಿತದಲ್ ದೂರ ಹೋಯಿದ್ದ ಗಡ. ಬಪ್ಪತಿಗೆ ಒಂದೇ ಉಳ್ದಿತ್ತ್, ಶಂಖದ ಹಾಂಗಿದ್ದದ್ದ್. ಅದನ್ನ ಮರಳಿಗ್ ಇಟ್ಕಂಡ್ ಕೇಂತ. ಅವಂದೇ ಗಲಾಟಿ ಅವನಿಗ್ ಅಡ್ಡ. ಅದಕ್ಕೆ ಮಾತಿನ ಶುರುವಿಂದ್ ಕೇಂತಿಲ್ಲ, ಕಡೇ ಮಾತ್ ಒಂದೇ ಕೇಂಬುದ್. ಒಬ್ಬ ಹೊಸ ಮದುಮಗ ದೋಣಿ ಹತ್ತುವತಿಗೆ ಹೆಂಡ್ತಿ ಹತ್ರ, 'ಹೊತ್ತ್ ಕಂತುವತಿಗೆ ಬತ್ತೆ, ಈಗ ಹೋತೆ' ಅಂದ. ಕಡಲರಾಯನಿಗ್ ಹೋತೆ ಅಂಬುದ್ ಒಂದೇ ಕೇಂಡ್ತ್. ಹೋಪವ ಅಲ್ದಾ, ಬಾ ನನ್ನ ಮನಿಗೆ ಅಂದ. ಅವನಿಗ್ ಉಪದ್ರ ಎಂತ ಮಾಡ್ಲಿಲ್ಲ. ಉಂಬುಕೆ ಕೊಟ್ಟ, ಶಂಖ ಕಾಯುಕೆ ಕೂರ್ಸ್ದ. ಈಗ್ಳೂ ಅಲ್ಲೇ ಇದ್ದ. ಕಡಲರಾಯ ಕೆಟ್ಟವ ಅಲ್ಲ ಸರ್. ಕಿವಿ ಮಾತ್ರ ಮಂದ."

"ಅದಕ್ಕೂ ಹಾಡಿಗೂ ಎಂತ?" ಎಂದರು ಸರ್.

"ನಿಮ್ಮ್ ಹಾಡ್ ಶುರುವಾಪುದೂ ಹೋಗುವೆನು, ಮುಗಿವುದೂ ಹೋಗುವೆನು. ಮಾಸ್ಟ್ರ್ ಅದನ್ನ ಹೇಳಿಕೊಡುಕೆ ಕೂಕಂಡ ದಿವ್ಸ ನಮ್ಮ್ ಗಂಡಸ್ರ್ ಎಲ್ಲ ನೀರಿನ್ ಮೇಲೆ. ಅವ್ರ್ ಹಾಡಿರ್, ನಾವ್ ಬಾಯಿ ತೆಗೀಲಿಲ್ಲ. ಶ್ರುತಿ ಹೆಚ್ಚಾಯ್ತೇನೋ ಅಂತ ಮನಸಿನಲ್ ಗ್ರೇಸಿರ್, ತಗ್ಗಿಸಿರ್. ಆಗ್ಳೂ ಒಬ್ಳೂ ಬಾಯಿ ಬಿಡ್ಲಿಲ್ಲ. ಕಡೀಗೆ ನಾನ್ ಬತ್ತೆ ತಾಯಿ ಅಂತ ಎತ್ಕಂಡೆ. ಉಳ್ದ್ ಹೆಂಗ್ಸ್ರ್ ಎಲ್ಲ ನನ್ನ ಹಿಂದೆ ಬಂದ್ರ್."

"ಮಾಸ್ಟ್ರ್ ತಿದ್ಲಿಲ್ಯಾ?"

"ಎರಡ್ ಎಣಿಕೆ ಖಾಲಿ ಬಿತ್ತಲೆ, ಅಲ್ಲಿ ನಮ್ಮನ್ನ ಕಂಡ್ರ್. ಮತ್ತೆ ತಾಳ ಹಾಕಿರ್. ಅಷ್ಟೇ."

ಸರ್ ನೋಟುಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ, ಒಂದು ಸಲವಾದರೂ ಬರೆದದ್ದು ಬರೆದಂತೆ ಹಾಡಿ ತೋರಿಸಿ, ಕೇಳಿ ನೋಡುವ ಎಂದರು. ಅತಿಥಿ ಕೇಳಿದ್ದನ್ನು ಇಲ್ಲವೆನ್ನಬಾರದು. ಅಮ್ಮಮ್ಮನ ಗಂಟಲು ಹಣ್ಣಾದ ಮೇಲೆ ಹಾಡು ಎತ್ತಿಕೊಳ್ಳುವವಳು ನಾನು. ಶ್ರುತಿ ನೋಡಿಕೊಂಡು ಹೋಗುವೆನು ಎಂದು ಎತ್ತಿದೆ.

ನನ್ನೊಬ್ಬಳದೇ ದನಿ. ಎರಡನೆಯ ಸಲ ಎತ್ತಿದಾಗ ಮೂವರು ಸೇರಿಕೊಂಡರು. ನನ್ನ ಪಕ್ಕದ ಕುಸುಮಕ್ಕ ಬಾಯಿ ತೆರೆದು ಹಾಗೆಯೇ ಇಟ್ಟುಕೊಂಡಿದ್ದಳು. ಅವಳ ಗಂಡ ಕುಷ್ಟಣ್ಣ ಗಂಗೊಳ್ಳಿಯಿಂದ ಬೋಟಿನಲ್ಲಿ ಹೋಗಿ ಅಂದಿಗೆ ಆರು ದಿನವಾಗಿತ್ತು. ಮೂರನೆಯ ಸಲ, ಯಾರೂ ಹೇಳದೆ, ಹಿಂದಿನ ಸಾಲು ಬತ್ತೆ ಎಂದಿತು. ಮುಂದಿನ ಸಾಲು ಹೋಗುವೆನು ಎಂದಿತು. ಬಲೆಯ ಎರಡು ತುದಿಯನ್ನು ಎರಡು ಕಡೆ ಎಳೆದಂತೆ ಹಾಡು ನಡುವಿನಲ್ಲಿ ಹರಿಯಿತು.

"ನಂಗ್ ಆತಿಲ್ಲ ಸರ್," ಎಂದಳು ಕುಸುಮಕ್ಕ. "ಬೇಕಾರೆ ನಾನ್ ಆ ಹಾಡಿಗ್ ಎದ್ದ್ ಹೊರಗ್ ಹೋತೆ." ಹೇಳಿ ಮುಗಿಸುವ ಮೊದಲೇ ತಡೆದುಕೊಂಡು, "ಹೊರಗ್ ನಿಂತ್ಕಂತೆ," ಎಂದು ತಿದ್ದಿದಳು.

ಸರ್ ನೋಟುಪುಸ್ತಕ ಮುಚ್ಚಿದರು. ಸಿಟ್ಟಿರಲಿಲ್ಲ, ಬೇಸರವಿತ್ತು. ನಿಮ್ಮ ನಂಬಿಕೆ ನಿಮಗೆ, ಆದರೆ ಪುಸ್ತಕ ಎಲ್ಲರದ್ದು, ನಾಳೆ ಯಾವ ಊರಿನವರೋ ಇದನ್ನು ನೋಡಿ ಹಾಡುವಾಗ ಸಾಹಿತ್ಯ ಶುದ್ಧವಾಗಿರಬೇಕು, ಕವಿ ಬರೆದದ್ದನ್ನು ಬದಲಾಯಿಸಲು ನಾವು ಯಾರು ಎಂದು ಒಂದೊಂದನ್ನೇ ಸಮಾಧಾನದಿಂದ ಹೇಳಿದರು. ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಚೀಲವನ್ನು ಹೆಗಲಿಗೇರಿಸಿ, ಬಾಗಿಲ ಬಳಿ ಚಪ್ಪಲಿ ಮೆಟ್ಟಿ, ತಿರುಗಿ ಅಮ್ಮಮ್ಮನಿಗೆ ಕೈಮುಗಿದರು.

"ಆಯ್ತ್, ನಾನ್ ಬತ್ತೆ," ಎಂದರು.

ಎಂದವರು ಹೊಸ್ತಿಲಲ್ಲೇ ಕಲ್ಲಾದರು.

ಅಮ್ಮಮ್ಮ ತೊಡೆಯ ಮೇಲೆ ಮೆಲ್ಲಗೆ ಎರಡು ಬೆರಳು ತಟ್ಟಿದಳು, ಒಂದು, ಎರಡು. ಅಷ್ಟೇ ಸಾಕಾಯಿತು. ಹನ್ನೆರಡು ಹೆಂಗಸರು ನಕ್ಕ ನಗೆಗೆ ಹೆದ್ದಾರಿಯಲ್ಲಿ ಹೋಗುತ್ತಿದ್ದ ಸ್ಕೂಟರಿನವನೊಬ್ಬ ನಿಧಾನ ಮಾಡಿ ನೋಡಿದ.

"ಸರ್, ನಿಮ್ದೂ ಎರಡ್ ಅಕ್ಷರ ಕಮ್ಮಿ ಆಯ್ತ್," ಎಂದಳು ಕುಸುಮಕ್ಕ, ಕಣ್ಣು ಒರೆಸಿಕೊಳ್ಳುತ್ತಾ.

ಸರ್ ಕಿವಿಯ ತುದಿಯವರೆಗೆ ಕೆಂಪಾದರು. "ಮಾತ್ ಬೇರೆ, ಸಾಹಿತ್ಯ ಬೇರೆ," ಎಂದು ಹೇಳಿ ಬಸ್ ಸ್ಟಾಪಿನ ಕಡೆ ನಡೆದೇಬಿಟ್ಟರು.

ನಾಲ್ಕು ದಿನ ಬಿಟ್ಟು ನನಗೆ ಫೋನು ಬಂತು. ಸಭೆಯ ಸಮಿತಿ ಕುಳಿತು ಮಾತಾಡಿದೆ, ನಿಮ್ಮ ಮಂಡಳಿ ಆರು ಹಾಡು ಹಾಡಲಿ, ಏಳನೆಯದನ್ನು ಬ್ರಹ್ಮಾವರದ ಹುಡುಗಿಯರು ಹಾಡುತ್ತಾರೆ, ವಿದ್ವತ್ ಪರೀಕ್ಷೆಗೆ ಕೂತವರು, ಬರೆದಂತೆ ಹಾಡುತ್ತಾರೆ, ಯಾರಿಗೂ ಬೇಸರ ಬೇಡ ಎಂದರು ಸರ್.

ನನಗಾದದ್ದು ಬೇಸರವಲ್ಲ, ಹೆದರಿಕೆ. ಗ್ರಂಥಾಲಯದ ಮೇಜಿನ ಮೇಲೆ ಪತ್ರಿಕೆಗಳನ್ನು ಜೋಡಿಸುತ್ತಾ ಅದನ್ನೇ ಯೋಚಿಸಿದೆ. ಹಾಡು ನಮ್ಮ ಕೈ ಬಿಟ್ಟು ಹೋಗುವುದೆಂದರೆ ಹೀಗೆ, ಯಾರೂ ಕಿತ್ತುಕೊಳ್ಳುವುದಿಲ್ಲ, ಮರ್ಯಾದೆಯಿಂದಲೇ ತೆಗೆದುಕೊಂಡು ಹೋಗುತ್ತಾರೆ. ಮುಂದೆ ಯಾರಾದರೂ ಆ ಪುಸ್ತಕ ತೆರೆದರೆ ಅಮ್ಮಮ್ಮ ಒಂದು ತಪ್ಪಾಗಿ ಉಳಿಯುತ್ತಾಳೆ, ಹೆಸರೂ ಇಲ್ಲದ ತಪ್ಪು. ಮಧ್ಯಾಹ್ನ ರಜೆ ಹಾಕಿ ಕುಂದಾಪುರದ ಬಸ್ಸು ಹತ್ತಿದೆ.

ಸರ್ ಮನೆಯ ಜಗಲಿಯಲ್ಲೇ ಸಿಕ್ಕಿದರು. ಬಸ್ಸಿನಲ್ಲಿ ಕಟ್ಟಿಕೊಂಡು ಹೋಗಿದ್ದ ಭಾಷಣ ಅವರನ್ನು ಕಂಡದ್ದೇ ಮರೆತುಹೋಯಿತು.

"ಸರ್, ಎರಡನ್ನೂ ಹಾಡ್ಸಿ," ಎಂದೆ. "ಅವರದ್ದ್ ಮೊದ್ಲ್, ನಮ್ದ್ ಆಮೇಲೆ. ಪುಸ್ತಕ ಅಚ್ಚಿಗೆ ಹೋಪುದ್ ಕಾರ್ಯಕ್ರಮ ಆದ್ಮೇಲೆ ಅಲ್ದಾ? ನೀವ್ ಕೇಂಡ್ಕಂಡ್ ಬರೀನಿ. ಕೇಂಡ್ ಮೇಲೂ ತಪ್ಪ್ ಅಂತಾದ್ರೆ ಟಿಪ್ಪಣಿ ಇರ್ಲಿ. ನಾನೇ ಅಮ್ಮಮ್ಮನಿಗ್ ಓದಿ ಹೇಳ್ತೆ."

ಲೆಕ್ಕದಲ್ಲಿ ಹಂತ ಬಿಟ್ಟವರಿಗೂ ಉತ್ತರ ಸರಿಯಿದ್ದರೆ ಅರ್ಧ ಅಂಕ ಕೊಡುವ ಮೇಷ್ಟರಾಗಿದ್ದರಂತೆ ಅವರು. "ಆಯ್ತ್," ಎಂದರು. "ಆದ್ರೆ ತಾಳ ತಪ್ಪಿರೆ ನಾನ್ ಬಿಡೂದಿಲ್ಲ. ಎಣಿಸ್ತೆ."

ಡಿಸೆಂಬರಿನ ಎರಡನೆಯ ಭಾನುವಾರ ನಾವು ಹನ್ನೆರಡು ಜನ ಒಂದು ಟೆಂಪೋದಲ್ಲಿ ಕುಂದಾಪುರ ಮುಟ್ಟಿದೆವು. ಹೆಂಗಸರು ಒಂದೇ ಬಣ್ಣದ ಸೀರೆ ಉಟ್ಟಿದ್ದರು, ನೀಲಿಯ ಮೇಲೆ ಬಿಳಿ ಅಂಚು. ಆ ಬಣ್ಣಕ್ಕೆ ಒಪ್ಪಲು ಎರಡು ಶುಕ್ರವಾರ ಹಾಡೇ ಆಗದೆ ಜಗಳವಾಗಿತ್ತು. ಬೈಂದೂರು, ನಾವುಂದ, ಗಂಗೊಳ್ಳಿ, ಕೋಟೇಶ್ವರ, ಬ್ರಹ್ಮಾವರ, ಎಲ್ಲ ಕಡೆಯ ಭಜನಾ ಮಂಡಳಿ, ಸಂಗೀತ ಶಾಲೆ, ಯುವಕ ಮಂಡಲದವರು ಬಂದು ಸಭಾಂಗಣ ತುಂಬಿತ್ತು. ನಾಲ್ಕು ಗಂಟೆಗೆ ದೀಪ ಹಚ್ಚಿದರು.

ವೇದಿಕೆಯ ಹಿಂದೆ ಮೃದಂಗದ ರೋಹನ್ ಅಮ್ಮಮ್ಮನ ಎದುರು ಮೊಣಕಾಲೂರಿ ಕುಳಿತಿದ್ದ. ಇಪ್ಪತ್ತೈದರ ಆಸುಪಾಸಿನವನು, ಈಗಾಗಲೇ ದೊಡ್ಡ ದೊಡ್ಡವರಿಗೆ ನುಡಿಸಿದವನು.

"ಅಜ್ಜಿ, ಆ ಎರಡ್ ಅಕ್ಷರ ಬರೀ ಖಾಲಿ ಬಿಟ್ರೆ ಹಾಡ್ ಬಿದ್ದ್ ಹೋದ ಹಾಂಗ್ ಕೇಂತ್. ಎಡಗೈಲ್ ಸಣ್ಣಕೆ ಒಂದ್ ಗುಮ್ಕಿ ಕೊಡ್ಲಾ?"

"ಬ್ಯಾಡ ಮಗಾ. ಅಲ್ಲಿ ಕೈ ಹಾಕ್ಬ್ಯಾಡ."

"ಹಾಂಗಾರೆ ನಾನ್ ಎಂತ ಮಾಡೂದ್ ಅಲ್ಲಿ?"

"ಉಸ್ರ್ ಬಿಡ್," ಎಂದಳು ಅಮ್ಮಮ್ಮ.

ನಮ್ಮ ಆರು ಹಾಡು ಆದವು. ಮೈಕಿನವನು ಓಡಿಬಂದ, ಕಡಿಮೆ ಮಾಡಿದ, ಮತ್ತೆ ಬಂದ, ಇನ್ನೂ ಕಡಿಮೆ ಮಾಡಿದ. ಮೂರನೆಯ ಹಾಡಿಗೆ ಮೈಕನ್ನೇ ಒಂದು ಮಾರು ದೂರ ಇಟ್ಟು ಕೈಮುಗಿದು ಹೋದ. ಜನ ನಕ್ಕು ಚಪ್ಪಾಳೆ ತಟ್ಟಿದರು. ಆಮೇಲೆ ಏಳನೆಯ ಹಾಡಿಗೆ ಬ್ರಹ್ಮಾವರದ ಮೂವರು ಹುಡುಗಿಯರು ಬಂದು ಕುಳಿತರು. ಅವರಲ್ಲಿ ಮುಂದಾಳು ರಮ್ಯಶ್ರೀ. ಸುಳ್ಳು ಯಾಕೆ ಹೇಳಲಿ, ಅವರು ಚಂದ ಹಾಡಿದರು. ರಮ್ಯಶ್ರೀಯ ಗಮಕ ಎಣ್ಣೆ ಸುರಿದಂತೆ ಇಳಿಯುತ್ತಿತ್ತು. ಹೋಗುವೆನು ಎಂಬುದು ಐದು ಎಣಿಕೆಯಲ್ಲಿ ಅಚ್ಚುಕಟ್ಟಾಗಿ ಕುಳಿತಿತು, ಒಂದು ಕೂದಲಿನಷ್ಟೂ ಜಾಗವಿಲ್ಲದೆ. ಜೋರು ಚಪ್ಪಾಳೆ ಬಿತ್ತು. ಪಕ್ಕದ ತೆರೆಯ ಮರೆಯಲ್ಲಿ ಕರಡು ಪುಟ ಹಿಡಿದು ನಿಂತಿದ್ದ ಪ್ರೇಮಾನಂದ ಸರ್ ನನ್ನ ಕಡೆ ನೋಡಲಿಲ್ಲ.

ಇದೇ ಹಾಡನ್ನು ಮರವಂತೆಯವರು ತಾವು ಕಲಿತಂತೆ ಹಾಡುತ್ತಾರೆ ಎಂದು ನಿರೂಪಕಿ ಹೇಳಿದಳು. ನಾವು ಕುಳಿತೆವು. ಅಮ್ಮಮ್ಮನನ್ನು ಇಬ್ಬರು ಹಿಡಿದು ಕೂರಿಸಿದರು. ತಂಬೂರಿ ಸರಿಯಾಯಿತು.

"ಬತ್ತೆ," ಎಂದು ಎತ್ತಿದೆ. ಎಲ್ಲರೂ ಸೇರಿದರು.

ಎರಡು ಅಕ್ಷರ. ತಂಬೂರಿ ಮಾತ್ರ.

ಸಭೆಯಲ್ಲಿ ಅಲ್ಲಲ್ಲಿ ನಗೆಯ ಸದ್ದು ಕೇಳಿಸಿತು. ಕುಹಕದ್ದಲ್ಲ. ರೇಷ್ಮೆ ಸೀರೆ, ವೀಣೆ ಪಿಟೀಲುಗಳ ನಡುವೆ ಮನೆಯ ಅಡುಗೆಕೋಣೆಯ ಮಾತೊಂದು ಬರಿಗಾಲಲ್ಲಿ ನಡೆದುಬಂದರೆ ಯಾರಿಗೂ ನಗು ಬಂದೀತು. ನನಗೆ ಮುಖ ಬಿಸಿಯಾಯಿತು. ಎರಡನೆಯ ಸಲ ಬತ್ತೆ ಎಂದಾಗ ನಗು ಕಡಿಮೆಯಾಯಿತು. ಮೂರನೆಯ ಸಲಕ್ಕೆ ಇಲ್ಲವೇ ಇಲ್ಲ. ಅಮ್ಮಮ್ಮನ ಕೈ ಮಾತ್ರ ತೊಡೆಯ ಮೇಲೆ ಒಂದೇ ಹದದಲ್ಲಿ ಬೀಳುತ್ತಿತ್ತು. ರೋಹನ್ ಆ ಜಾಗಕ್ಕೆ ಬಂದಾಗಲೆಲ್ಲ ಎರಡೂ ಕೈಯನ್ನು ಮೃದಂಗದ ಮೇಲೆ ಎತ್ತಿ ಹಿಡಿದು ನಿಜವಾಗಿಯೂ ಉಸಿರು ಬಿಡುತ್ತಿದ್ದ.

ಚರಣದಲ್ಲಿ ಯಶೋದೆ ಬುತ್ತಿ ಕಟ್ಟುತ್ತಾಳೆ. ಬೆಣ್ಣೆ ಎಲ್ಲಿಟ್ಟಿದ್ದೇನೆ ಎಂದು ಹೇಳುತ್ತಾಳೆ. ಹಾಡು ಪಲ್ಲವಿಗೆ ಮರಳಿತು. ಬತ್ತೆ ಎಂದೆವು. ಎರಡು ಅಕ್ಷರ ತೆರೆದುಕೊಂಡವು.

"ಬಾ," ಎಂದಿತು ಒಂದು ದನಿ.

ಸಭೆಯ ಎಡಗಡೆ, ಐದೋ ಆರೋ ಸಾಲಿನಲ್ಲಿ ಒಬ್ಬ ಮುದುಕಿ. ಅವಳು ಹಾಡಲಿಲ್ಲ. ಜಗಲಿಯಲ್ಲಿ ಕುಳಿತವರು ಹೊರಟವರಿಗೆ ಹೇಳುವಂತೆ, ತನಗೇ ಗೊತ್ತಿಲ್ಲದೆ ಹೇಳಿದಳು. ಹೇಳಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಕ್ಕಪಕ್ಕದವರು ತಿರುಗಿ ನೋಡಿದರು. ನಾವು ಮುಂದಕ್ಕೆ ಹೋದೆವು, ತಾಯಿ ನೀನಪ್ಪಣೆಯ ನೀಡಮ್ಮ. ಮರಳಿ ಬತ್ತೆ. ಈ ಸಲ ಇಪ್ಪತ್ತು ಮೂವತ್ತು ಜನ, ಗಂಡಸರೂ ಇದ್ದರು.

"ಬಾ."

ನಾನು ಲೆಕ್ಕದಲ್ಲಿ ಹುಷಾರಿಲ್ಲ, ಆದರೆ ಇದು ನನಗೂ ತಿಳಿಯಿತು. ಬತ್ತೆ ಮೂರು. ಬಾ ಎರಡು. ಇಷ್ಟು ವರ್ಷ ನಮ್ಮ ಹೆಂಗಸರು ಆ ಜಾಗವನ್ನು ಮುಟ್ಟದೆ ಬಿಟ್ಟಿದ್ದು ಏಕೆಂದು ಅವರಿಗೂ ಗೊತ್ತಿರಲಿಲ್ಲ. ಹೋಗುವವರು ತಮಗೆ ತಾವೇ ಬಾ ಎಂದು ಹೇಳಿಕೊಳ್ಳಲಾರರು. ಅದನ್ನು ಹೇಳುವವರು ಎದುರಿಗೆ ಬೇಕು. ನಾವು ಯಾವತ್ತೂ ನಮ್ಮೊಳಗೇ ಹಾಡಿಕೊಂಡಿದ್ದೆವು, ಬಲೆ ಕಟ್ಟುವ ಶೆಡ್ಡಿನಲ್ಲಿ, ಕಡಲಿನ ಮುಂದೆ.

ಕೊನೆಯ ಸಲಕ್ಕೆ ಎತ್ತಿದಾಗ ನನ್ನ ದನಿ ಸ್ವಲ್ಪ ನಡುಗಿತು. ಕುಸುಮಕ್ಕ ಪಕ್ಕದಿಂದ ಹೊತ್ತುಕೊಂಡಳು. ಬತ್ತೆ ಎಂದು ಹನ್ನೆರಡು ಗಂಟಲು ನಿಂತವು. ಅಷ್ಟು ಸಾಲು ಕುರ್ಚಿಗಳಿಂದ, ಹಿಂದೆ ನಿಂತವರಿಂದ, ಬಾಗಿಲಲ್ಲಿ ಚಹಾದ ಲೋಟ ಹಿಡಿದವರಿಂದ ಉತ್ತರ ಬಂತು. ಎಲ್ಲರೂ ಶ್ರುತಿಯಲ್ಲಿರಲಿಲ್ಲ. ತೆರೆಯ ಮರೆಯಲ್ಲಿ ಪ್ರೇಮಾನಂದ ಸರ್ ತುಟಿ ಅಲ್ಲಾಡಿದ್ದನ್ನು ನಾನು ಕಂಡೆ. ಅವರು ಇವತ್ತಿಗೂ ಅಲ್ಲವೆನ್ನುತ್ತಾರೆ.

ಚಪ್ಪಾಳೆ ತಡವಾಗಿ ಬಂತು. ಮೊದಲು ಯಾರೂ ತಟ್ಟಲಿಲ್ಲ, ಹಾಡು ಮುಗಿದಿದೆ ಎಂದು ಅವರಿಗೆ ಅನ್ನಿಸಲಿಲ್ಲವೋ ಏನೋ.

ವೇದಿಕೆಯ ಹಿಂದೆ ಸರ್ ಬಂದರು. ಕರಡು ಪುಟ ಕೈಯಲ್ಲಿತ್ತು, ಅದರ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಮೂರು, ಎರಡು, ಐದು ಎಂದು ಬರೆದುಕೊಂಡಿದ್ದರು. ಅಮ್ಮಮ್ಮನ ಪಕ್ಕದ ಬೆಂಚಿನಲ್ಲಿ ಕುಳಿತರು.

"ಲೆಕ್ಕ ಸರಿ ಆಯ್ತ್ ಬಾಗಿಯಮ್ಮ," ಎಂದರು. "ನಂದೇ ಒಂದ್ ಹಂತ ಬಿಟ್ಟ್ ಹೋಯಿತ್ತ್. ಈಗ ಬರೂದ್ ಹ್ಯಾಂಗೆ? ಬತ್ತೆ, ಅದ್ರ ಪಕ್ಕದಲ್ ಬಾ ಅಂತ ಸೇರ್ಸಲಾ?"

ಒಳಗೊಳಗೆ ನಾನು ಹೌದು ಹೌದು ಎನ್ನುತ್ತಿದ್ದೆ. ಅಮ್ಮಮ್ಮ ತಲೆಯಾಡಿಸಿದಳು.

"ಬರೀಬ್ಯಾಡಿ ಸರ್. ಬರದ್ರೆ ಹಾಡುವವ್ರೇ ಅದನ್ನೂ ಹೇಳಿ ಮುಗ್ಸ್ತ್ರ್. ಕೇಂಬವ್ರಿಗೆ ಎಂತ ಉಳ್ದ್? ಹಾಂಗೇ ಖಾಲಿ ಬಿಡಿ. ಹೇಳುವವ್ರ್ ಇದ್ರೆ ಹೇಳ್ತ್ರ್."

"ಯಾರೂ ಹೇಳ್ದಿರೆ?"

"ಹೇಳುವಲ್ಲಿವರೆಗೆ ಕಾಯ್ಲಿ. ನಾವ್ ಕಾಯ್ಲಿಲ್ಯಾ?"

ಸರ್ ಜೇಬಿನಿಂದ ರಬ್ಬರು ತೆಗೆದು ಅಡಿಟಿಪ್ಪಣಿಯನ್ನು ಉಜ್ಜಿದರು. ಪುಡಿಯನ್ನು ಊದಿ, ಅದೇ ಜಾಗದಲ್ಲಿ ಬೇರೇನೋ ಬರೆದು ನನ್ನ ಕೈಗೆ ಕೊಟ್ಟರು, ಓದಿ ಹೇಳು ಎಂದು.

ಮೇಲೆ ಸಾಹಿತ್ಯ ಎರಡು ರೀತಿಯಲ್ಲಿತ್ತು, ಒಂದರ ಕೆಳಗೊಂದು. ಮೊದಲನೆಯದು ನೋಟುಪುಸ್ತಕದ್ದು. ಎರಡನೆಯದರಲ್ಲಿ ಬತ್ತೆ ಎಂದು ಬರೆದು, ಸ್ವರಲಿಪಿಯಲ್ಲಿ ಎರಡು ಅಕ್ಷರದ ವಿರಾಮಕ್ಕೆ ಹಾಕುವ ಚುಕ್ಕಿ-ಬಾಲದ ಗುರುತು ಹಾಕಿದ್ದರು. ಬದಿಯಲ್ಲಿ, "ಮರವಂತೆ ಪಾಠಾಂತರ. 'ಬತ್ತೆ' ಎಂದು ತಂದವರು ಬಾಗಿ. ಎರಡು ಅಕ್ಷರ ಕೇಳುವವರಿಗೆ ಬಿಟ್ಟದ್ದು."

ನಾನು ಓದಿದೆ. ಹಾರಿಸದೆ, ಒಂದೂ ಮಾತು ಬಿಡದೆ, ಎರಡು ಸಲ.

"ಪಾಠಾಂತರ ಅಂದ್ರೆ ಎಂತ ಹೆಣೆ?" ಎಂದಳು ಅಮ್ಮಮ್ಮ.

"ಒಂದ್ ಮನೆತನದವ್ರ್ ಹಾಡುವ ರೀತಿ, ಅಮ್ಮಮ್ಮ. ದೊಡ್ಡ ದೊಡ್ಡ ವಿದ್ವಾಂಸ್ರದ್ದ್ ಹಾಂಗ್ ಹೇಳ್ತ್ರ್."

"ಹಾಂ," ಎಂದಳು. ಆಮೇಲೆ, "ನನ್ನ್ ಹೆಸ್ರ್ ಎಲ್ಲಿತ್ತ್, ಬೆರಳಿಟ್ಟ್ ತೋರ್ಸ್," ಎಂದಳು. ತೋರಿಸಿದೆ. ಅವಳು ಅಲ್ಲಿ ತನ್ನ ಬೆರಳಿಟ್ಟು, ಮೀನು ಹೆಚ್ಚಿ ಗೀರುಬಿದ್ದ ಆ ಬೆರಳನ್ನು ಸುಮಾರು ಹೊತ್ತು ತೆಗೆಯಲಿಲ್ಲ.

ಜನವರಿಯಲ್ಲಿ ಪುಸ್ತಕ ಬಂತು. ಅದಾದ ಮೇಲಿನ ಶುಕ್ರವಾರ ಮೂರು ಗಂಟೆಗೆ ನಾವು ತಂಬೂರಿ ಸರಿಮಾಡುತ್ತಿದ್ದಾಗ ಶೆಡ್ಡಿನ ಎದುರು ಬಸ್ಸು ನಿಂತಿತು. ಬ್ರಹ್ಮಾವರದ ಮೂವರೂ ಇಳಿದರು. ರಮ್ಯಶ್ರೀಯ ಕೈಯಲ್ಲಿ ಪುಸ್ತಕ, ಮರವಂತೆ ಪಾಠಾಂತರದ ಪುಟದಲ್ಲಿ ಬೆರಳು.

"ನಮ್ಗ್ ಇದ್ ಬತ್ತಿಲ್ಲ ಅಜ್ಜಿ," ಎಂದಳು. "ಎಷ್ಟ್ ಸಲ ಹಾಡಿರೂ ಆ ಎರಡ್ ಅಕ್ಷರಕ್ಕೆ ಗಂಟಲ್ ತನ್ನಷ್ಟಕ್ಕೇ ಎಳೀತ್. ಇಲ್ಲದಿರೆ ಬೇಗ ಮುಂದಕ್ ಹೋಯಿ ಬೀಳ್ತೊ. ಸುಮ್ನಿಪ್ಪುದ್ ಹ್ಯಾಂಗೆ ಅಂತ ನೀವ್ ನಮ್ಗ್ ಕಲಿಸ್ಕ್."

ಅಮ್ಮಮ್ಮ ಚಾಚಿದ ಕಾಲನ್ನು ಮಡಚಿಕೊಂಡು ಅವರಿಗೆ ಜಾಗ ಮಾಡಿದಳು. "ಅದಕ್ಕೆ ಕುಸುಮ ಸರಿ," ಎಂದಳು. "ಬೆಳಿಗ್ಗೆಯಿಂದ ಬಾಯಿ ಮುಚ್ಚದವ್ಳ್, ಅಲ್ಲೊಂದ್ ಮಾತ್ರ ಮುಚ್ಚುದ್. ನೀವ್ ಅವಳನ್ನ ಕಂಡ್ ಕಲೀನಿ."

ಕುಸುಮಕ್ಕ ಗಂಭೀರವಾಗಿ ಮುಂದೆ ಬಂದು, ವಿದ್ವತ್ ಪರೀಕ್ಷೆಗೆ ಕೂತ ಮೂವರನ್ನು ಎದುರಿಗೆ ಸಾಲಾಗಿ ಕೂರಿಸಿಕೊಂಡಳು. ಸೆರಗು ಸಿಕ್ಕಿಸಿ, ತೊಡೆಯ ಮೇಲೆ ಕೈಯಿಟ್ಟು, "ಮೊದ್ಲ್ ಯಾರಿಗ್ ಹೇಳ್ತ್ರಿ ಅಂತ ಮನಸಿನಲ್ ಗ್ರೇಸ್ಕಣಿ," ಎಂದಳು. "ಮನಿಯಲ್ ಯಾರ್ ಇದ್ರ್, ಅವ್ರನ್ನ. ಹಾಂ. ಈಗ ಎತ್ತಿ ಕಾಂಬ."